ಗಂಡಕೀಪತ್ರೆ, ಇತ್ಯಾದಿ

ನನಗೆ ಎರಡು ಸಂಗತಿ ತಿಳಿದಿದ್ದು ಮೂರನೆಯದು ತಿಳಿಯದಿರುವಾಗ, ಅಥವಾ ಮೂರನೆಯದು ತಿಳಿದಿದ್ದೂ ಅದನ್ನು ಬರೆಯುವಷ್ಟು ಉತ್ಸಾಹ ಲೇಖನಿಯಲ್ಲಿ ಉಳಿಯದಿರುವಾಗ, ಅಥವಾ ಮೂರನೆಯದೆಂಬುದು ಲೋಕದಲ್ಲಿ ಇದೆಯೋ ಇಲ್ಲವೋ ಎಂಬುದೇ ಸಂದೇಹಾಸ್ಪದವಾಗಿರುವಾಗ, ಕೈಹಿಡಿದು ದಡ ಮುಟ್ಟಿಸುವ ಶಬ್ದವೊಂದುಂಟು. ನಾಲ್ವತ್ತು ವರ್ಷಗಳಿಂದ ನಾನು ಆ ಶಬ್ದದ ಉಪ್ಪನ್ನು ತಿಂದಿದ್ದೇನೆ. ಊರಿನಲ್ಲಿ ನಾಲ್ಕು ಜನ ನನ್ನ ಪಾಂಡಿತ್ಯವೆಂದು ಏನನ್ನು ಗೌರವಿಸುತ್ತಾರೋ ಅದರಲ್ಲಿ ಮುಕ್ಕಾಲು ಪಾಲು ಆ ಶಬ್ದಕ್ಕೆ ಸೇರತಕ್ಕದ್ದು. ಉಳಿದ ಕಾಲು ಪಾಲು ನನ್ನ ಕನ್ನಡಕಕ್ಕೆ. ಸಭೆಯಲ್ಲಿ ಎದ್ದು ನಿಂತು "ಭಾಮಹ, ದಂಡಿ ಇತ್ಯಾದಿ ಆಲಂಕಾರಿಕರು" ಎಂದು ನಾನು ಗಂಭೀರವಾಗಿ ಆರಂಭಿಸಿದೆನೆಂದರೆ, ಕೇಳುತ್ತಿರುವ ಸಜ್ಜನರು ನನ್ನ ಮನೆಯ ಬೀರುವಿನಲ್ಲಿ ಇನ್ನೂ ಹತ್ತು ಹನ್ನೆರಡು ಮಂದಿ ಆಲಂಕಾರಿಕರು ಸಾಲಾಗಿ ಕುಳಿತು ತಮ್ಮ ಸರದಿಗಾಗಿ ಕಾಯುತ್ತಿರುವರೆಂದು ಭಾವಿಸಿ ತಲೆದೂಗುತ್ತಾರೆ. ವಾಸ್ತವವಾಗಿ ಆ ಬೀರುವಿನಲ್ಲಿರುವುದು ಹಳೆಯ ಪಂಚಾಂಗಗಳು, ಮುರಿದ ಛತ್ರಿ, ಇತ್ಯಾದಿ.

ಈ ಶಬ್ದಕ್ಕೂ ನನಗೂ ನಂಟು ಬೆಳೆದದ್ದು ಮಿಡ್ಲ್‌ಸ್ಕೂಲಿನ ಭೂಗೋಳದ ಪರೀಕ್ಷೆಯಲ್ಲಿ. ಕಾವೇರಿಯ ಉಪನದಿಗಳಾವುವು ಎಂಬುದು ಪ್ರಶ್ನೆ, ಅಂಕ ಐದು. ಹೇಮಾವತಿ ಎಂದು ಬರೆದೆ, ಲಕ್ಷ್ಮಣತೀರ್ಥ ಎಂದು ಬರೆದೆ. ಅಲ್ಲಿಗೆ ನನ್ನ ಜಲಸಂಪತ್ತು ಬತ್ತಿತು. ಹಾರಂಗಿ, ಕಪಿಲೆ, ಸುವರ್ಣಾವತಿ, ಶಿಂಷಾ, ಅರ್ಕಾವತಿಗಳು ಆ ಕ್ಷಣದಲ್ಲಿ ಪಕ್ಕದ ಹುಡುಗನ ಉತ್ತರಪತ್ರಿಕೆಯಲ್ಲಿ ಹರಿಯುತ್ತಿದ್ದವು. ಅವನಾದರೋ ಅಂಗೈಯನ್ನು ಅಡ್ಡವಿಟ್ಟು ಕಟ್ಟೆ ಕಟ್ಟಿದ್ದನು. ಆಗ "ಇತ್ಯಾದಿ" ಎಂದು ದುಂಡಗೆ ಬರೆದು, ಕೆಳಗೊಂದು ಗೆರೆಯೆಳೆದು, ಒಂದೇ ಹೆಜ್ಜೆಗೆ ಐದು ನದಿಗಳನ್ನು ದಾಟಿದೆನು. ನಮ್ಮ ಮೇಷ್ಟ್ರು ಸಿಡುಕಿನವರಲ್ಲ. ನಾನು ಹಿಡಿದ ಮಾರ್ಗವನ್ನೇ ತಾವೂ ಹಿಡಿದು ಕೆಂಪು ಶಾಯಿಯಲ್ಲಿ "2, ಇತ್ಯಾದಿ" ಎಂದು ಅಂಕ ಕೊಟ್ಟರು. ನಾನು ಹಿಗ್ಗಿದೆ, ಇತ್ಯಾದಿಯೆಂದರೆ ಕಡಮೆಯೆಂದರೂ ಮೂರಾದರೂ ಆಗಬೇಕಷ್ಟೆ! ಆದರೆ ನಮ್ಮ ತಂದೆಯವರು ತಾಲ್ಲೂಕು ಕಚೇರಿಯ ಗುಮಾಸ್ತರು, ಲೆಕ್ಕದ ಪುಸ್ತಕದಲ್ಲಿ ಸಾದಿಲ್ವಾರು ಎಂಬ ಬಾಬಿನ ಕೆಳಗೆ ಏನೇನು ಅಡಗಿ ಕುಳಿತಿರುತ್ತದೆಂಬುದನ್ನು ಆಯುಷ್ಯವೆಲ್ಲ ಕಂಡವರು. ಅವರು ಪತ್ರಿಕೆಯನ್ನು ಬೆಳಕಿಗೆ ಹಿಡಿದು ನೋಡಿ, "ಎರಡು ಸರಿಯಾಯಿತು, ಇತ್ಯಾದಿಯ ಬಾಕಿಯನ್ನು ನಾನು ಕೊಡುತ್ತೇನೆ, ಇಲ್ಲಿ ಬಾ" ಎಂದು ಕರೆದು, ಆ ಲೆಕ್ಕವನ್ನು ನನ್ನ ಬೆನ್ನಿನ ಮೇಲೆ ಚುಕ್ತಾ ಮಾಡಿದರು.

ಪೆಟ್ಟು ತಿನ್ನಿಸಿದ ಶಬ್ದದ ಮೇಲೆ ಮನುಷ್ಯನಿಗೆ ಒಂದು ವಿಧವಾದ ಮಮಕಾರ ಹುಟ್ಟುವುದು ಸಹಜ. ದೊಡ್ಡವನಾದ ಮೇಲೆ ಅದನ್ನು ಬಿಡಿಸಿ ನೋಡಿದೆ. ಇತಿ, ಆದಿ, ಯಣ್ ಸಂಧಿಗೆ ವ್ಯಾಕರಣದ ಮೇಷ್ಟ್ರುಗಳು ಕೊಡುವ ಮಾಮೂಲು ಉದಾಹರಣೆ. ಇತಿಯೆಂದರೆ 'ಹೀಗೆ' ಎಂದು ಪಂಡಿತರು ಹೇಳುತ್ತಾರೆ. ಆದರೆ ನಮ್ಮ ಬಳಕೆಯಲ್ಲಿ ಇತಿಗೆ ಕೊನೆಯ ವಾಸನೆಯೇ ಹೆಚ್ಚು: ಅಧ್ಯಾಯ ಮುಗಿದಾಗ ಬರುವುದು ಇತಿ, ಹಿಡಿದ ಕೆಲಸವನ್ನು ಕೈಬಿಟ್ಟಾಗ ಹಾಡುವುದು ಇತಿಶ್ರೀ, ಖರ್ಚಿಗೆ ಇರಬೇಕಾಗಿದ್ದು ಇಲ್ಲದಿರುವುದು ಇತಿಮಿತಿ. ಆದಿಯೋ ಆರಂಭ. ಕೊನೆಯನ್ನು ತಲೆಯ ಮೇಲೆ ಹೊತ್ತು, ಆರಂಭವನ್ನು ಬಾಲಕ್ಕೆ ಕಟ್ಟಿಕೊಂಡು, 'ಮುಗಿಯಿತು' ಎಂದು ಹೇಳುತ್ತಲೇ 'ಈಗ ತಾನೆ ಶುರುವಾಯಿತು' ಎಂದು ಕಣ್ಣುಮಿಟುಕಿಸುವ ಇಂಥ ಶಬ್ದವನ್ನು ಯಾರು ಪ್ರೀತಿಸದೆ ಇದ್ದಾರು?

ಅದರ ದಾಯಾದಿಗಳೂ ರಸಿಕರೇ. 'ಮೊದಲಾದ' ಎಂಬುದು ಹಿಂತಿರುಗಿ ಮೊದಲನೆಯವನ ಮುಖವನ್ನು ನೋಡುತ್ತದೆ. 'ಮುಂತಾದ' ಎಂಬುದು ಮುಂದೆ ಬರಲಿರುವವರ ದಾರಿಯನ್ನು ಕಾಯುತ್ತದೆ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಒಂದೇ ಕೆಲಸವನ್ನು ಮಾಡುತ್ತಾರೆ. 'ವಗೈರೆ' ಅರಬ್ಬಿಯಿಂದ ಹೊರಟು ಪಾರಸಿಯ ದರ್ಬಾರನ್ನು ಹಾದು ನಮ್ಮ ಕಚೇರಿಗಳಿಗೆ ಬಂದು ಕುಳಿತ ಶಬ್ದ. 'ಮತ್ತು ಅದಲ್ಲದ್ದು' ಎಂದು ಅದರ ಮೂಲಾರ್ಥ. ಅದು ಅಮಲ್ದಾರರ ಟಪಾಲಿನಲ್ಲಿ ಎಷ್ಟು ಒಪ್ಪುತ್ತದೆಯೋ ದೇವರ ಮನೆಯಲ್ಲಿ ಅಷ್ಟೇ ಒಪ್ಪುವುದಿಲ್ಲ. 'ಬ್ರಹ್ಮ ವಿಷ್ಣು ವಗೈರೆ' ಎಂದವನಿಗೆ ಪ್ರಸಾದ ಸಿಕ್ಕುವುದು ಕಷ್ಟ. ಇವೆಲ್ಲಕ್ಕಿಂತ ನನಗೆ ಆಪ್ತವಾದುದು ನಮ್ಮ ಅಡುಗೆಮನೆಯ ಇತ್ಯಾದಿ. "ಕಾಫಿ ಗೀಫಿ ತಗೋತೀರಾ?" ಎಂದು ಮನೆಯಾಕೆ ಬಂದವರನ್ನು ಕೇಳುವಾಗ ಕಾಫಿಯೆಂಬುದು ನಿಶ್ಚಿತ, ಗೀಫಿಯಲ್ಲಿ ಮಾತ್ರ ಚಕ್ಕುಲಿಯ ಚೂರಿನಿಂದ ಹಿಡಿದು ಎಲೆ ಹಾಕಿದ ಊಟದ ವರೆಗೆ ಅವಕಾಶವುಂಟು, ಬಂದವರು ತವರಿನವರೋ ಅಲ್ಲವೋ ಎಂಬುದನ್ನು ನೋಡಿ ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಹಿಂದಿಯವರು ಚಾಯ್ ವಾಯ್ ಎನ್ನುತ್ತಾರೆ, ಮರಾಠಿಗರು ಚಹಾ ಬಿಹಾ ಎನ್ನುತ್ತಾರೆ. ತೆಲುಗರೂ ನಾವೂ ಗಿ-ಕಾರದ ಒಕ್ಕಲು. 'ಗಿಡ'ದಂಥ ಪದ ಎದುರಾದಾಗ ಮಾತ್ರ ನಮಗೆ ಪೇಚು. ಗಿಡ ಗಿಡ ಎಂದರೆ ಎರಡು ಗಿಡವಾಯಿತೇ ಹೊರತು ಇತ್ಯಾದಿಯಾಗಲಿಲ್ಲವಾದ ಕಾರಣ, ಗಿಡಗಂಟಿ ಎಂದು ಪಕ್ಕದ ಓಣಿಗೆ ತಿರುಗಿಕೊಳ್ಳುತ್ತೇವೆ. ಈ ಗಿ-ಕಾರಕ್ಕೆ ಒಂದು ವಿಷದ ಹಲ್ಲೂ ಉಂಟು. ನಮ್ಮ ಸೋದರಮಾವನವರು ನನ್ನನ್ನು ಹೆಣ್ಣಿನ ಕಡೆಯವರಿಗೆ ಪರಿಚಯ ಮಾಡಿಕೊಡುವಾಗ "ಹುಡುಗ ಪದ್ಯ ಗಿದ್ಯ ಬರೀತಾನೆ" ಎಂದರು. ಆ 'ಗಿದ್ಯ'ದಿಂದ ನನ್ನ ಕಾವ್ಯವು ಇನ್ನೂ ಚೇತರಿಸಿಕೊಂಡಿಲ್ಲ.

ಲೋಕದ ಇತ್ಯಾದಿಕಾರರಲ್ಲಿ ಅಗ್ರಗಣ್ಯನೆಂದರೆ ಪಾಣಿನಿ ಮಹರ್ಷಿ. ಎರಡು ಸಾವಿರದಷ್ಟು ಧಾತುಗಳನ್ನು ಹತ್ತು ಗಣಗಳಾಗಿ ಕಟ್ಟಿ, ಪ್ರತಿಯೊಂದು ಗಣಕ್ಕೂ ಬಾಗಿಲಲ್ಲಿ ನಿಂತ ಧಾತುವಿನ ಹೆಸರನ್ನೇ ಇಟ್ಟು, ಭ್ವಾದಿ, ಅದಾದಿ, ದಿವಾದಿ ಎಂದು ಕರೆದದ್ದು ಆ ಸಂಪ್ರದಾಯ. ಭೂ ಎಂಬ ಒಂದು ಧಾತುವಿನ ಬೆನ್ನ ಹಿಂದೆ ಸಾವಿರದಷ್ಟು ಧಾತುಗಳು ಹೆಸರಿಲ್ಲದೆ ನಿಂತಿವೆ. ಹತ್ತನೆಯದಾದ ಚುರಾದಿಗಣದ ಮುಂದಾಳು 'ಚುರ್', ಎಂದರೆ ಕದಿಯುವುದು. ಕಳ್ಳನೊಬ್ಬನು ಮುಂದೆ ನಡೆಯುವುದೂ ಮಿಕ್ಕವರೆಲ್ಲರೂ ಅವನ ಹೆಸರಿನಲ್ಲಿ ಹಿಂಬಾಲಿಸುವುದೂ ವ್ಯಾಕರಣದಲ್ಲಿ ಮಾತ್ರ ಸಂಭವವೆಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆನು. ಇನ್ನು ಸರ್ವನಾಮಗಳ ಪಟ್ಟಿಯೋ 'ಸರ್ವ' ಎಂಬುದರಿಂದಲೇ ಆರಂಭವಾಗಿ ಸರ್ವಾದಿಯೆನಿಸಿಕೊಂಡಿದೆ. 'ಎಲ್ಲ, ಇತ್ಯಾದಿ'! ಎಲ್ಲವನ್ನೂ ಹೇಳಿಯಾದ ಮೇಲೆ ಇತ್ಯಾದಿಗೆ ಉಳಿದದ್ದೇನೆಂದು ಬಹುಕಾಲ ತಲೆ ಕೆರೆದುಕೊಂಡೆ. ಮದುವೆಯಾಗಿ, ಹಬ್ಬದ ಖರ್ಚಿನ ಲೆಕ್ಕವನ್ನು ಬರೆಯತೊಡಗಿದ ಮೇಲೆ ಅರ್ಥವಾಯಿತು. ಪಾಣಿನಿಯ ಆದಿಗೂ ನನ್ನ ಇತ್ಯಾದಿಗೂ ಒಂದೇ ಭೇದ. ಅವನದರ ಹಿಂದೆ ಗಣಪಾಠವೆಂಬ ಪಟ್ಟಿಯಿದೆ, ಅದನ್ನು ಕಂಠಪಾಠ ಮಾಡಿದ ಶಿಷ್ಯಪರಂಪರೆಯಿದೆ; ಅವನು ತಿಜೋರಿಯಲ್ಲಿ ಹಣವಿಟ್ಟು ಹುಂಡಿ ಬರೆದ ಸಾಹುಕಾರ. ನಾನು ಹುಂಡಿಯನ್ನು ಮಾತ್ರ ಬರೆದವನು.

ಆ ಹುಂಡಿಗಳಲ್ಲೊಂದು ನಮ್ಮ ಮನೆಯ ಗಣೇಶನ ಹಬ್ಬದ ದಿನ ಹಣಕ್ಕೆ ಬಂದಿತು.

ಗೌರಿಯ ಹಬ್ಬದ ಹಿಂದಿನ ರಾತ್ರಿ ನನ್ನ ಹೆಂಡತಿ ವ್ರತದ ಪುಸ್ತಕವನ್ನು ದೀಪದ ಬಳಿ ಹಿಡಿದು, ವಿನಾಯಕನಿಗೆ ಬೇಕಾದ ಏಕವಿಂಶತಿ ಪತ್ರೆಗಳ ಹೆಸರುಗಳನ್ನು ಒಂದೊಂದಾಗಿ ಓದಿದಳು. ಬರೆದುಕೊಳ್ಳುವ ಕೆಲಸ ನನ್ನದು. ಮಾಚೀಪತ್ರೆ ಎಂದಳು, ಬರೆದೆ. ಬೃಹತೀಪತ್ರೆ ಎಂದಳು, ಬರೆದೆ. ಬಿಲ್ವಪತ್ರೆ ಎಂದಳು, ಅದನ್ನೂ ಬರೆದೆ. ಅಷ್ಟು ಹೊತ್ತಿಗೆ ನಿದ್ರಾದೇವಿಯೂ ವಾಗ್ದೇವಿಯೂ ಏಕಕಾಲದಲ್ಲಿ ನನ್ನ ಮೇಲೆ ಕೃಪೆಮಾಡಿದ ಕಾರಣ, ಆಕೆ ದೂರ್ವಾ, ದತ್ತೂರ, ಬದರೀ ಎಂದು ಮುಂದೆ ಮುಂದೆ ಹೋಗುತ್ತಿರಲು, ನಾನು ನಾಲ್ಕನೆಯ ಸಾಲಿನಲ್ಲಿ ನನ್ನ ಇಷ್ಟಶಬ್ದವನ್ನು ಬರೆದು, ಉಳಿದ ಹದಿನೆಂಟಕ್ಕೂ ತಲೆಯಾಡಿಸುತ್ತ ಕುಳಿತಿದ್ದೆನು. "ಎಲ್ಲ ಬರಕೊಂಡಿರಾ?" ಎಂದು ಕೇಳಿದಳು. "ಒಂದನ್ನೂ ಬಿಟ್ಟಿಲ್ಲ" ಎಂದೆ. ಶಾಸ್ತ್ರೋಕ್ತವಾಗಿ ನೋಡಿದರೆ ಅದು ಸುಳ್ಳಲ್ಲ.

ಚೌತಿಯ ಬೆಳಗಿನ ಜಾವ ಮಾರುಕಟ್ಟೆಯ ಮುಂದಿನ ರಸ್ತೆಯಲ್ಲಿ ಎಲೆಯ ರಾಶಿಗಳ ನಡುವೆ ಕುಳಿತ ಮುದುಕಿಯೊಬ್ಬಳ ಮುಂದೆ ನಿಂತು, ಪಟ್ಟಿಯನ್ನು ಜೇಬಿನಿಂದ ತೆಗೆದು, "ಮಾಚೀಪತ್ರೆ, ಬೃಹತೀಪತ್ರೆ, ಬಿಲ್ವಪತ್ರೆ..." ಎಂದು ಓದಿ, ಮುಂದಿನ ಪದ ಕಣ್ಣಿಗೆ ಬೀಳುತ್ತಲೇ ನಾಲಗೆಯೊಣಗಿ ನಿಂತೆನು. ಮುದುಕಿ ನನ್ನ ಮುಖವನ್ನು ನೋಡಿದಳು. ನಾನು ಪಟ್ಟಿಯನ್ನು ನೋಡಿದೆ.

"ಇನ್ನೇನ್ ಸಾಮಿ?"

"ಇತ್ಯಾದಿ" ಎಂದೆ, ಸಣ್ಣ ದನಿಯಲ್ಲಿ.

ಆಕೆಗೆ ಆಶ್ಚರ್ಯವೇ ಆಗಲಿಲ್ಲ. ಬಾಳೆಯ ನಾರಿನಿಂದ ಬಿಗಿದು ಮೊದಲೇ ಕಟ್ಟಿಟ್ಟಿದ್ದ ಹಸುರು ಕಟ್ಟೊಂದನ್ನು ಎತ್ತಿ ನನ್ನ ಚೀಲಕ್ಕೆ ಹಾಕಿ, "ಎಂಟಾಣೆ" ಎಂದಳು.

"ಇಪ್ಪತ್ತೊಂದೂ ಇವೆಯೇನಮ್ಮ?"

"ಎಲ್ಲಾ ಅದ್ರಾಗೇ ಐತೆ ಸಾಮಿ. ನೀವೇನ್ ತಿಂತೀರಾ? ತಿನ್ನೋ ದ್ಯಾವ್ರಿಗೆ ಗೊತ್ತಾಯ್ತದೆ, ಓಗಿ."

ಮನೆಗೆ ಬಂದು ಜಗಲಿಯ ಮೇಲೆ ಕಟ್ಟನ್ನು ಬಿಚ್ಚಿ, ವ್ರತದ ಪುಸ್ತಕವನ್ನು ಕದ್ದು ತಂದು ಪಕ್ಕದಲ್ಲಿರಿಸಿಕೊಂಡು, ಹೆಂಡತಿ ಕಡುಬಿನ ಹಿಟ್ಟನ್ನು ನಾದುತ್ತಿರುವ ಸದ್ದನ್ನು ಒಂದು ಕಿವಿಯಿಂದ ಕಾಯುತ್ತ, ಎಣಿಸತೊಡಗಿದೆ. ಗರಿಕೆಯಿದ್ದಿತು; ಅದು ದೂರ್ವಾ. ಬಿಲ್ವವಿದ್ದಿತು. ಎಕ್ಕದೆಲೆ, ಅದು ಅರ್ಕ. ಉತ್ತರಾಣಿ, ಅದು ಅಪಾಮಾರ್ಗ. ತುಲಸಿ, ಮಾವು, ಕಣಗಿಲೆ. ಏಳು. ಮತ್ತೆ ಎಣಿಸಿದೆ, ಏಳೇ. ಎಂಟನೆಯದಾಗಿ ತೆಳುವಾದ ದಂಟಿನ, ಅಂಚು ಕತ್ತರಿಸಿದಂಥ ಎಲೆಯ, ಎಲ್ಲೋ ನೋಡಿದಂತಿರುವ ಕಡ್ಡಿಗಳು ನಾಲ್ಕು ಇದ್ದವು. ಮೂಗಿನ ಬಳಿಗೆ ತಂದೆ. ಕೊತ್ತಂಬರಿ ಸೊಪ್ಪು! ಪಕ್ಕದ ಬುಟ್ಟಿಯಿಂದ ಜಾರಿ ಬಂದದ್ದೋ, ಇತ್ಯಾದಿಯ ವಿಷಯದಲ್ಲಿ ಆ ಮುದುಕಿಯ ಭಾಷ್ಯವೇ ಅದಾಗಿದ್ದಿತೋ, ಆ ಗಣಪನೇ ಬಲ್ಲ.

ಹದಿನಾಲ್ಕು ಬಾಕಿ. ಹಿತ್ತಲಿನಲ್ಲಿ ಜಾಜಿಯ ಬಳ್ಳಿಯಿದ್ದಿತು, ಎಂಟು. ಬೀದಿಯ ಕೊನೆಯ ಕಟ್ಟೆಗೆ ಓಡಿ ಅರಳಿಯೆಲೆ ತಂದೆ, ಒಂಬತ್ತು. ಮಗಳು ಆಗ ತಾನೆ ಜಡೆಗೆ ಮುಡಿದಿದ್ದ ಮಲ್ಲಿಗೆಯ ದಂಡೆಯಲ್ಲಿ ನಡುನಡುವೆ ಮರುಗವಿದ್ದಿತು, ಕೂಸು ಕನ್ನಡಿಯ ಕಡೆಗೆ ತಿರುಗಿದಾಗ ಎರಡು ಎಸಳನ್ನು ಕಿತ್ತುಕೊಂಡೆ, ಮರುವಕಪತ್ರೆ, ಹತ್ತು. ಹನ್ನೊಂದನೆಯದಾದ ದಾಳಿಂಬೆಯಿದ್ದದ್ದು ನೆರೆಮನೆಯ ವಕೀಲರ ಕಾಂಪೌಂಡಿನೊಳಗೆ. ಗೋಡೆಯ ಮೇಲಿನಿಂದ ಕೊಂಬೆಯನ್ನು ಬಗ್ಗಿಸಿ ಹಿಡಿದು, ತುದಿಗಾಲಿನ ಮೇಲೆ ನಿಂತಿರುವಾಗಲೇ ಅವರು ಬಾಯಲ್ಲಿ ಹಲ್ಲುಜ್ಜುವ ಕಡ್ಡಿಯೊಡನೆ ಪ್ರತ್ಯಕ್ಷರಾದರು. ಕಳ್ಳತನಕ್ಕಿಂತ ಪ್ರಾಮಾಣಿಕತೆಯೇ ಆಗ ಸುಲಭವಾಗಿದ್ದುದರಿಂದ ಎಲ್ಲವನ್ನೂ ಹೇಳಿಬಿಟ್ಟೆ.

ಕಡ್ಡಿಯನ್ನು ಬಾಯಿಂದ ತೆಗೆದವರು ಮತ್ತೆ ಅರ್ಧ ಗಂಟೆ ಅದನ್ನು ಒಳಗಿಡಲಿಲ್ಲ. ಇತ್ಯಾದಿಯೆಂಬುದು ಸ್ವತಂತ್ರ ಪ್ರಾಣಿಯಲ್ಲವೆಂದೂ, ಅದಕ್ಕಿಂತ ಮುಂಚೆ ಹೆಸರು ಹೇಳಿಸಿಕೊಂಡವರ ಜಾತಿಗೇ ಅದು ಸೇರತಕ್ಕದ್ದೆಂದೂ, ಇಂಗ್ಲೆಂಡಿನಲ್ಲಿ ಜೂಜಿನ ಕಾಯಿದೆಯೊಂದರಲ್ಲಿ 'ಮನೆ, ಕಚೇರಿ, ಕೊಠಡಿ ಅಥವಾ ಇತರ ಸ್ಥಳ' ಎಂದಿದ್ದುದರಿಂದ, ಕೆಂಪ್ಟನ್ ಪಾರ್ಕಿನ ಕುದುರೆಪಂದ್ಯದ ಬಯಲು ಆ 'ಇತರ ಸ್ಥಳ'ದೊಳಗೆ ಬರುವುದಿಲ್ಲ, ಏಕೆಂದರೆ ಮೊದಲ ಮೂರಕ್ಕೂ ಸೂರುಂಟು, ಬಯಲಿಗೆ ಸೂರಿಲ್ಲ ಎಂದು 1899ರಲ್ಲಿ ಅಲ್ಲಿನ ಲಾರ್ಡರ ಸಭೆ ತೀರ್ಪು ಕೊಟ್ಟಿತೆಂದೂ, ಕೊಂಬೆ ಹಿಡಿದು ನಿಂತವನಿಗೆ ವಿಸ್ತಾರವಾಗಿ ಬೋಧಿಸಿದರು. ಅದೇ ಸೀಮೆಯಲ್ಲಿ 1640ರಲ್ಲಿ ಪಾದ್ರಿಗಳೆಲ್ಲರೂ 'ಆರ್ಚ್‌ಬಿಷಪ್ಪರು, ಬಿಷಪ್ಪರು, ಡೀನರು, ಆರ್ಚ್‌ಡೀಕನ್ನರು, ಇತ್ಯಾದಿ'ಗಳಿಂದ ನಡೆಯುವ ವ್ಯವಸ್ಥೆಯನ್ನು ಬದಲಿಸುವುದಿಲ್ಲವೆಂದು ಆಣೆಯಿಡಬೇಕೆಂದು ವಿಧಿಸಿದಾಗ, ಯಾರ ಮೇಲೆ ಬೇಕಾದರೂ ಆಣೆಯಿಟ್ಟೇವು, ಇತ್ಯಾದಿಯ ಮೇಲೆ ಹೇಗೆ ಇಡುವುದೆಂದು ದೇಶವೇ ನಕ್ಕಿತಂತೆ. "ನಮ್ಮ ಹಿರಿಯರು ಅಂಥ ದಡ್ಡರಲ್ಲ. ಹಳೇ ಕ್ರಯಪತ್ರ ನೋಡಿ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಅಷ್ಟಭೋಗ! ನೆಲದೊಳಗಿನದು, ನೆಲದ ಮೇಲಿನದು, ಈಗ ಇರುವುದು, ಇನ್ನು ಮುಂದೆ ಬರಬಹುದಾದ್ದು, ಎಲ್ಲ ಎಂಟರಲ್ಲಿ ಬಂತು. ಇತ್ಯಾದಿಗೆ ಸಂದೇ ಇಲ್ಲ."

"ಎಲೆ ಅದರಲ್ಲಿ ಬರಲಿಲ್ಲವಲ್ಲ?" ಎಂದೆ, ಕೈ ನೋಯುತ್ತಿದ್ದಾಗ್ಯೂ.

"ಚಿಗುರುವುದು ಮುಂದೆ ತಾನೆ? ಆಗಾಮಿಯಲ್ಲಿ ಬರುತ್ತದೆ. ಈಗ ತಾವು ಕೀಳುತ್ತಿರುವುದು ನನ್ನ ಆಗಾಮಿ" ಎಂದು ಹೇಳಿ, ಎರಡು ಎಲೆಯನ್ನು ತಾವೇ ಕಿತ್ತು ದಾನಮಾಡಿದರು.

ಹನ್ನೊಂದಾಯಿತು. ಲೆಕ್ಕ ಹಾಕಿದಾಗ ವಿಚಿತ್ರವೊಂದು ಕಂಡಿತು: ಪಟ್ಟಿಯಲ್ಲಿ ಸ್ಪಷ್ಟವಾಗಿ ಹೆಸರಿದ್ದ ಮೂರರಲ್ಲಿ ಬಂದದ್ದು ಒಂದೇ, ಹೆಸರಿಲ್ಲದೆ ಇತ್ಯಾದಿಯಲ್ಲಿದ್ದ ಹದಿನೆಂಟರಲ್ಲಿ ಹತ್ತು ಬಂದಿದ್ದವು. ಈ ತತ್ತ್ವವನ್ನು ಕುರಿತು ಚಿಂತಿಸುವಷ್ಟರಲ್ಲಿ ಪುರೋಹಿತರು ಬಂದರು. ಆ ದಿನ ಅವರಿಗೆ ಒಂಬತ್ತು ಮನೆ, ನಮ್ಮದು ಆರನೆಯದು. ಸಂಕಲ್ಪದಿಂದ ಆವಾಹನೆಗೆ, ಆವಾಹನೆಯಿಂದ ಅಭಿಷೇಕಕ್ಕೆ ಅವರು ಮೇಲ್ ರೈಲಿನಂತೆ ಸಾಗಿ, ಪತ್ರಪೂಜೆಯ ನಿಲ್ದಾಣದಲ್ಲಿ ಬಂದು ನಿಂತರು. ಮಾಚೀಪತ್ರಂ ಎಂದರು, ನಾನು ಅಕ್ಷತೆಯ ಬಟ್ಟಲಿಗೆ ಕೈಹಾಕಿದೆ. ಬೃಹತೀಪತ್ರಂ ಎಂದರು, ಮತ್ತೆ ಅಕ್ಷತೆ. ಪೂಜೆಯಲ್ಲಿ ವಸ್ತ್ರವಿಲ್ಲದಿದ್ದರೆ ಅದರ ಬದಲು ಅಕ್ಷತೆ, ಆಭರಣವಿಲ್ಲದಿದ್ದರೆ ಅದರ ಬದಲೂ ಅಕ್ಷತೆ. ಚಿಟಿಕೆ ಅರಿಸಿನ ಹಚ್ಚಿದ ಈ ಮುರಿಯದ ಅಕ್ಕಿಯ ಕಾಳು ದೇವರ ಮನೆಯ ಇತ್ಯಾದಿಯೆಂಬುದು ನನಗೆ ಹೊಳೆದದ್ದು ಆ ಕ್ಷಣದಲ್ಲಿಯೇ. ಆದರೆ ಹೆಂಡತಿಯ ಕಣ್ಣು ನನ್ನ ಕೈಯ ಮೇಲೆ ನೆಟ್ಟಿದ್ದಿತು. ಎರಡು ಅಕ್ಷತೆಗೆ ಸುಮ್ಮನಿದ್ದಳು. ದತ್ತೂರಕ್ಕೆ ಮೂರನೆಯದು ಬಿದ್ದಾಗ ಹುಬ್ಬು ಮೇಲೇರಿತು, ಬದರಿಗೆ ನಾಲ್ಕನೆಯದು, ವಿಷ್ಣುಕ್ರಾಂತಕ್ಕೆ ಐದನೆಯದು, ದೇವದಾರುವಿಗೆ ಆರು, ಸಿಂಧುವಾರಕ್ಕೆ ಏಳು. ಜಾಜಿಯ ಎಲೆಯನ್ನು ನಾನು ದೊಡ್ಡ ಆಡಂಬರದಿಂದ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಏರಿಸಿದೆನಾದರೂ ಆ ಹುಬ್ಬು ಕೆಳಗಿಳಿಯಲಿಲ್ಲ. ಅಷ್ಟರಲ್ಲಿ ಪುರೋಹಿತರು "ಗಂಡಕೀಪತ್ರಂ" ಎಂದರು.

ಗಂಡಕಿಯೆಂಬುದು ನದಿಯೆಂದು ನಾನು ಬಲ್ಲೆ. ಸಾಲಿಗ್ರಾಮ ಸಿಕ್ಕುವ ನದಿ. ಎಲೆ ಯಾವುದೆಂದು ನಾನರಿಯೆ, ನನ್ನ ಹೆಂಡತಿಯೂ ಅರಿಯಳು, ಕೇಳಿದರೆ ಪಂಡಿತರು ಒಬ್ಬೊಬ್ಬರು ಒಂದೊಂದು ಗಿಡವನ್ನು ತೋರಿಸಿಯಾರು. ತಟ್ಟೆಯಲ್ಲಿ ಕೊತ್ತಂಬರಿಯ ನಾಲ್ಕು ಕಡ್ಡಿ ನನ್ನನ್ನೇ ನೋಡುತ್ತಿದ್ದವು. ಎಂಟನೆಯ ಅಕ್ಷತೆಗೆ ಎದೆಗಾರಿಕೆ ಸಾಲದೆ, ಆ ಕಡ್ಡಿಗಳನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ಹಿಡಿದು, ಕಣ್ಣು ಮುಚ್ಚಿ, ಗಣಪತಿಯ ಸೊಂಡಿಲಿನ ತಿರುವಿನಲ್ಲಿ ಇಟ್ಟೆನು. ಇಡುವಾಗ ಭಕ್ತಿಯ ಭರದಲ್ಲಿ ಸ್ವಲ್ಪ ಹೊಸಕಿರಬೇಕು. ಧೂಪ ಗಂಧ ಕರ್ಪೂರಗಳನ್ನೆಲ್ಲ ಹಿಂದಿಕ್ಕಿ, ಹಬ್ಬದ ದಿನದ ತಿಳಿಸಾರಿನ ಘಮವು ದೇವರ ಮನೆಯನ್ನು ತುಂಬಿತು. ನನ್ನ ಮಗ, ಎಂಟು ವರ್ಷದವನು, ಮೂಗರಳಿಸಿ, "ಅಮ್ಮಾ, ಕೊತ್ತಂಬರಿ ವಾಸನೆ!" ಎಂದನು.

ಒಂದು ಕ್ಷಣ ಗಂಟೆಯ ನಾದವೂ ನಿಂತಂತಾಯಿತು. ಪುರೋಹಿತರು ಸೊಂಡಿಲನ್ನು ನೋಡಿದರು, ನನ್ನನ್ನು ನೋಡಿದರು, ಇನ್ನೂ ಮೂರು ಮನೆ ಬಾಕಿಯಿರುವುದನ್ನು ನೆನೆದರು. "ದೇವರ ಮುಂದೆ ವಾಸನೆ ಅನ್ನಬಾರದು ಮಗು, ಪರಿಮಳ ಅನ್ನಬೇಕು" ಎಂದು ಹುಡುಗನನ್ನು ತಿದ್ದಿ, ನನ್ನ ಕಡೆಗೆ ತಿರುಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, "ಯಜಮಾನರೇ, ಈ ವರ್ಷ ಗಂಡಕೀಪತ್ರೆ ಬಹಳ ಎಳೆಯದಾಗಿ ಸಿಕ್ಕಿದೆ" ಎಂದರು. ಶಮೀಪತ್ರೆಗೆ ಅಕ್ಷತೆ ತಾವೇ ಹಾಕಿದರು.

ಪೂಜೆಯ ನಂತರ ನಡೆದದ್ದು ಸಂಸಾರಿಗಳಿಗೆ ಹೇಳಬೇಕಾದ್ದಿಲ್ಲ. ಆಕೆ ಪಟ್ಟಿಯನ್ನು ನನ್ನ ಜೇಬಿನಿಂದಲೇ ತೆಗೆದು ಓದಿದಳೆಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಆ ವಾರವೇ ನನ್ನ ಇಷ್ಟಶಬ್ದದ ಬಂಧುವೊಂದು ನನಗೆ ತಿರುಗಿ ಕಚ್ಚಿತು. ಊರಿನ ಸಾಹಿತ್ಯಸಭೆಯೊಂದರಲ್ಲಿ ನಾನು ಮುಕ್ಕಾಲು ಗಂಟೆ ಪ್ರಬಂಧ ಓದಿದ್ದೆ. ಮರುದಿನದ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರು, ಸ್ವಾಗತಿಸಿದವರ ಹೆಸರು, ಪ್ರಾರ್ಥನೆ ಹಾಡಿದ ಕುಮಾರಿಯ ಹೆಸರು, ಕುರ್ಚಿಗಳನ್ನು ಎರವಲು ಕೊಟ್ಟ ಮಹನೀಯರ ಹೆಸರು ಇವೆಲ್ಲ ಅಚ್ಚಾಗಿ, ಕೊನೆಗೆ "ಮುಂತಾದವರು ಮಾತನಾಡಿದರು" ಎಂದಿದ್ದಿತು. ನಾನು ಆ ಮುಂತಾದವರು. ಬಹುವಚನದಲ್ಲಿದ್ದುದೊಂದೇ ಸಮಾಧಾನ. ಕುರ್ಚಿಗೆ ಹೆಸರುಂಟು, ಪ್ರಬಂಧಕ್ಕಿಲ್ಲ! ವರದಿ ಬರೆಯುವವರಿಗೆ ನಾಲ್ಕಕ್ಷರ ಹೆಚ್ಚು ಬರೆದರೆ ಶಾಯಿ ಮುಗಿಯುತ್ತಿದ್ದಿತೆ? ಎರಡು ದಿನ ಇದೇ ರೋಷದಲ್ಲಿ ಉರಿದೆ. ಇತ್ಯಾದಿಯನ್ನು ಬರೆಯುವವನಿಗೆ ಅದು ಎಷ್ಟು ಮೆತ್ತಗಿನ ದಿಂಬೋ ಅದರೊಳಗೆ ತುರುಕಲ್ಪಟ್ಟವನಿಗೆ ಅಷ್ಟೇ ಉಸಿರು ಕಟ್ಟಿಸುವ ವಸ್ತುವೆಂಬುದು, ನಾಲ್ವತ್ತು ವರ್ಷ ಆ ದಿಂಬಿನ ಮೇಲೆ ಮಲಗಿದ ನನಗೆ ತಿಳಿದಿರಲಿಲ್ಲ.

ಭಾದ್ರಪದದ ಶುಕ್ಲಪಕ್ಷ ಕಳೆದರೆ ಪಿತೃಪಕ್ಷ. ಅದೇ ಪುರೋಹಿತರು ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ದರ್ಭೆ ಎಳ್ಳುಗಳೊಡನೆ ಬಂದು ಎದುರು ಕುಳಿತರು. ಈ ಸಲ ಅವರಿಗೆ ಅವಸರವಿರಲಿಲ್ಲ. ತಂದೆಯ ಹೆಸರನ್ನು ಹೇಳಿದೆ, ನೀರು ಬಿಟ್ಟೆ. ತಾತನ ಹೆಸರು, ಮುತ್ತಾತನ ಹೆಸರು. ತಾಯಿಯ ಹೆಸರು, ಅಜ್ಜಿಯ ಹೆಸರು. "ಪ್ರಪಿತಾಮಹಿ?" ಎಂದರು. ಬಾಯಿ ತೆರೆದೆ, ಏನೂ ಬರಲಿಲ್ಲ. ಆಕೆಯ ಹಿತ್ತಾಳೆಯ ತಪ್ಪಲೆ ನಮ್ಮ ಅಟ್ಟದ ಮೇಲಿದೆ. ಹಬ್ಬದ ದಿನ ಇಳಿಸಿ ಹುಣಿಸೆಹಣ್ಣು ಹಚ್ಚಿ ತಿಕ್ಕಿ ಅದರಲ್ಲಿಯೇ ಪಾಯಸ ಮಾಡುವುದು. ಮೊನ್ನೆಯ ಚೌತಿಯ ದಿನವೂ ಮಾಡಿದ್ದೆವು. ತಪ್ಪಲೆಯ ಕಂಠದಲ್ಲಿ ಅಕ್ಷರ ಕೊರೆದಿದೆ; ಆದರೆ ಅದು ಮುತ್ತಾತನ ಹೆಸರು. ನಮ್ಮ ತಂದೆಯವರು ಆಕೆಯ ಹೆಸರನ್ನು ವರ್ಷ ವರ್ಷವೂ ಇದೇ ಜಾಗದಲ್ಲಿ ಕುಳಿತು ಹೇಳಿದ್ದರು, ನಾನು ಬಾಗಿಲ ಬಳಿ ನಿಂತು ಕೇಳಿದ್ದೆ, ಬರೆದಿಟ್ಟುಕೊಂಡಿರಲಿಲ್ಲ. ಯಾವ ರಾತ್ರಿ, ಯಾವ ಪಟ್ಟಿಯ ನಾಲ್ಕನೆಯ ಸಾಲಿನಲ್ಲಿ ಆಕೆಯನ್ನು ನಾನು ಬಿಟ್ಟೆನೋ!

"ಚಿಂತೆಯಿಲ್ಲ, ಹೆಸರು ಮರೆತುಹೋದರೆ ಒಂದು ನದಿಯ ಹೆಸರು ಹೇಳಿ. ಅವರಿಗೆ ಮುಟ್ಟುತ್ತದೆ" ಎಂದರು ಪುರೋಹಿತರು.

ನದಿಯ ಹೆಸರು! ಗಂಗೆ ಯಮುನೆಯರೆಲ್ಲ ಎಲ್ಲಿ ಹೋದರೋ, ಕೈಯಲ್ಲಿ ಎಳ್ಳುನೀರು ಹಿಡಿದು ಕುಳಿತವನಿಗೆ ಆ ಹೊತ್ತಿನಲ್ಲಿ ತೋಚಿದ್ದು ಎರಡೇ, ಐದು ಅಂಕದಲ್ಲಿ ಎರಡನ್ನು ತಂದುಕೊಟ್ಟಿದ್ದವು; ಅವುಗಳಲ್ಲಿ ಲಕ್ಷ್ಮಣತೀರ್ಥವು ಹೆಂಗಸಿನ ಹೆಸರಾಗಲಾರದು. "ಹೇಮಾವತಿ" ಎಂದೆನು. ಹೇಮಾವತಿಗೆ ಮೂರು ಸಲ ನೀರು ಬಿಟ್ಟೆ.

ಪಿಂಡ ಸಲ್ಲುವುದು ಮೂರು ತಲೆಗೆ ಮಾತ್ರವಂತೆ. ಅದರಾಚೆಯ ಮೂರು ತಲೆಯವರಿಗೆ ದೊರೆಯುವುದು ಪಿಂಡವಿಟ್ಟ ಕೈಯನ್ನು ದರ್ಭೆಗೆ ಒರಸಿದಾಗ ಉಳಿಯುವ ಅನ್ನದ ಲೇಪ. ಅವರನ್ನು ಶಾಸ್ತ್ರವು ಲೇಪಭಾಜರೆಂದು ಕರೆಯುತ್ತದೆ. ಅವರಿಗಿಂತಲೂ ಹಿಂದಿನವರಿಗೆ ಹೆಸರೂ ಇಲ್ಲ, ಲೇಪವೂ ಇಲ್ಲ. ಕುರ್ಚಿ ಕೊಟ್ಟ ಮಹನೀಯರೂ, ವರದಿ ಬರೆದ ಪುಣ್ಯಾತ್ಮರೂ, ಮುಕ್ಕಾಲು ಗಂಟೆ ಓದಿದ ನಾನೂ ಹೋಗಿ ಸೇರತಕ್ಕ ಊರು ಅದೇ. ಪತ್ರಿಕೆಯವರು ನನ್ನನ್ನು ಸ್ವಲ್ಪ ಮುಂಚಿತವಾಗಿ ಕಳುಹಿಸಿದ್ದರು, ಅಷ್ಟೆ. ಆದರೆ ತರ್ಪಣದ ಕೊನೆಯಲ್ಲಿ, ಎಲ್ಲ ಹೆಸರುಗಳೂ ಮುಗಿದ ಮೇಲೆ, ಪುರೋಹಿತರು ಇನ್ನೊಂದು ಸಲ ನೀರು ಬಿಡಿಸಿದರು. ಅದು ತಾಯಿಯಿಲ್ಲದವರಿಗೆ, ತಂದೆಯಿಲ್ಲದವರಿಗೆ, ಬಂಧುಗಳಿಲ್ಲದವರಿಗೆ, ಹೆಸರು ಹಿಡಿದು ಕರೆಯುವವರು ಯಾರೂ ಉಳಿಯದವರಿಗೆ. ಇತ್ಯಾದಿಯೆಂಬ ಶಬ್ದವನ್ನು ಅವರು ಉಚ್ಚರಿಸಲಿಲ್ಲ. ಆ ನೀರು ಮಾತ್ರ ನನ್ನ ಬೆರಳ ಸಂದಿನಿಂದ ಇಳಿಯಲು ಉಳಿದವುಗಳಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು.

ಮರುವರ್ಷ ಚೌತಿಯ ಹೊತ್ತಿಗೆ ಪಟ್ಟಿ ಬರೆಯುವ ಅಧಿಕಾರ ನನ್ನ ಕೈತಪ್ಪಿದ್ದಿತು. ಹಬ್ಬದ ಬೆಳಗ್ಗೆ ಹೆಂಡತಿ ಚೀಲದೊಡನೆ ಕಾಗದವೊಂದನ್ನು ಕೈಗಿತ್ತಳು. ದೀಪದ ಕೆಳಗೆ ಓದಿದೆ: ಮಾಚಿಯಿಂದ ಅರ್ಕದ ವರೆಗೆ ಇಪ್ಪತ್ತೊಂದು ಪತ್ರೆಗಳೂ, ಸಂಖ್ಯೆ ಹಾಕಿ, ಪಕ್ಕದಲ್ಲಿ ಕನ್ನಡದ ಹೆಸರಿನೊಡನೆ, ಅವಳ ಮುತ್ತಿನಂಥ ಅಕ್ಷರದಲ್ಲಿ ಸಾಲುಗಟ್ಟಿದ್ದವು. ಹದಿನೇಳನೆಯದಾದ ಗಂಡಕಿಯ ಮುಂದೆ "ವಕೀಲರ ಮನೆಯಾಕೆಯನ್ನು ಕೇಳಿ" ಎಂದಿದ್ದಿತು. ಇತ್ಯಾದಿಯೆಂಬುದು ಎಲ್ಲಿಯಾದರೂ ಕಂಡೀತೆಂದು, ಹಳೆಯ ಸ್ನೇಹದಿಂದ, ಕಾಗದವನ್ನು ತಿರುವಿ ಹಿಂಬದಿಯನ್ನೂ ನೋಡಿದೆ. ಅಲ್ಲಿ ಇಪ್ಪತ್ತೆರಡನೆಯದಾಗಿ ಒಂದೇ ಸಾಲು:

"ಕೊತ್ತಂಬರಿ ಸೊಪ್ಪು, ಒಂದು ಕಟ್ಟು. ಸಾರಿಗೆ."